ಮೂವತ್ತೊಂದು ಹೊಗೆ

ಯೋಜನಾಧಿಕಾರಿಗೆ ವಾಸನೆ ತಿಳಿಯುತ್ತಿರಲಿಲ್ಲ.

ಹದಿನಾಲ್ಕನೇ ತಾರೀಕು ಬುಧವಾರ, ಬೆಳಗ್ಗೆ ಒಂಬತ್ತು ಹತ್ತಕ್ಕೆ ಠಾಣೆಗೆ ಬಂದ ಅವನ ಹೆಂಡತಿ ಇದನ್ನು ಹೇಳಿದಳು. ಗಂಡ ಹಿಂದಿನ ದಿನ ಬೆಳಗಿನ ಬಸ್ಸಿನಲ್ಲಿ ಗುಡ್ಡದಾಚೆಯ ಊರಿಗೆ ಹೋಗಿದ್ದ, ಮನೆಗೆ ಮರಳಿರಲಿಲ್ಲ. ಠಾಣೆಯ ರೈಟರ್ ಎತ್ತರ, ಬಣ್ಣ, ಉಡುಪು ಬರೆದುಕೊಂಡು ಗುರುತಿನ ಚಿಹ್ನೆಯ ಸಾಲಿಗೆ ಬಂದು ನಿಂತಿದ್ದ.

"ಮಚ್ಚೆ, ಗಾಯದ ಕಲೆ, ಏನಾದ್ರೂ ಇದೆಯಾಮ್ಮ?"

"ಇಲ್ಲ. ಅವರಿಗೆ ವಾಸನೆ ಗೊತ್ತಾಗಲ್ಲ."

"ಅದು ಗುರುತಲ್ಲಮ್ಮ. ಗುರುತು ಅಂದ್ರೆ ನೋಡಿದ್ರೆ ಕಾಣ್ಬೇಕು."

"ಆರು ವರ್ಷದ ಹಿಂದೆ ಜ್ವರ ಬಂದಾಗ ಹೋಯ್ತು. ಹಾಲು ಸೀದು ತಳ ಹಿಡಿದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಾರೆ. ಬರ್ಕೊಳ್ಳಿ."

"ಯಾವ ಕಾಲಂನಲ್ಲಿ ಬರೀಲಿ?"

"ಮನುಷ್ಯ ಕಾಣ್ತಿಲ್ಲ ಅಂದ್ರೆ ನಿಮಗೆ ಕಾಲಂದು ಚಿಂತೆ!"

ಗಲಾಟೆ ಕೇಳಿ ಇನ್‌ಸ್ಪೆಕ್ಟರ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಐವತ್ತರ ಹತ್ತಿರದ ಮನುಷ್ಯ, ಬಗ್ಗಿದ ಬೆನ್ನು. ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತರು.

"ಜಗಳ ಏನಾದ್ರೂ ಆಗಿತ್ತಾ?"

"ಯಾರ ಜೊತೆ?"

"ನಿಮ್ಮ ಜೊತೆ."

"ಜಗಳ ಆಡಿ ಹೋಗಿದ್ರೆ ಅದೇ ದಿನ ವಾಪಸ್ ಬರ್ತಿದ್ರು. ಗೆದ್ದು ಮುಗಿಸ್ಬೇಕಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿನ್ನೆ ಖುಷಿಯಾಗಿ ಹೋದ್ರು. ಆ ಊರಿಗೆ ಒಳ್ಳೆ ಸುದ್ದಿ ಹೇಳ್ಬೇಕು ಅಂತ. ಇಷ್ಟು ವರ್ಷದಲ್ಲಿ ಇವರು ಒಂದೂರಿಗೂ ಒಳ್ಳೆ ಸುದ್ದಿ ತಗೊಂಡು ಹೋಗಿರ್ಲಿಲ್ಲ ಸಾರ್."

ಕಾಣೆಯಾದ ಪ್ರಕರಣ ದಾಖಲಾಯಿತು. ವಾಸನೆಯ ಮಾತನ್ನು ರೈಟರ್ ಕೊನೆಗೆ 'ಇತರೆ' ಎಂಬಲ್ಲಿ ಬರೆದ. ಅಷ್ಟು ಹೊತ್ತಿಗೆ ಹತ್ತು ಗಂಟೆಯಾಗಿತ್ತು.

ಪ್ರಾದೇಶಿಕ ಅಭಿವೃದ್ಧಿ ಕಚೇರಿ ಬ್ಯಾಂಕಿನ ಮೇಲಿನ ಮಹಡಿಯಲ್ಲಿತ್ತು. ಒಂದು ಗೋಡೆಯ ಉದ್ದಗಲಕ್ಕೂ ನಕಾಶೆ. ಊರಿಗೊಂದು ಗುಂಡುಸೂಜಿ. ಹೆಚ್ಚಿನವು ಬೂದು ಬಣ್ಣದವು, ಒಂದು ಮಾತ್ರ ಹಸಿರು.

"ಬೂದು ಅಂದ್ರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮುಚ್ಚೋ ಊರು," ಎಂದ ಕಚೇರಿಯ ನಿರ್ದೇಶಕ. "ಮುಚ್ಚೋದು ಅಂತ ನಾವು ಬರೆಯಲ್ಲ. ಸೇವೆ ವಾಪಸ್ ತಗೊಳ್ಳೋದು ಅಂತೀವಿ. ಇಪ್ಪತ್ತು ಒಲೆಯಾದ್ರೂ ಉರಿಯದ ಊರಿಗೆ ಬಸ್ಸು, ನೀರು, ಕರೆಂಟು ಕೊಟ್ರೆ ಡೀಸೆಲ್ ಖರ್ಚೂ ಹುಟ್ಟಲ್ಲ. ಅಲ್ಲಿರೋರನ್ನ ಹಸಿರು ಊರಿಗೆ ತಂದು ಕೂರಿಸ್ತೀವಿ. ಆಸ್ಪತ್ರೆ, ಮಾರುಕಟ್ಟೆ, ಕೆಲಸ ಕಲಿಸೋ ಕೇಂದ್ರ, ಎಲ್ಲಾ ಅಲ್ಲೇ."

"ನಿಮ್ಮ ಅಧಿಕಾರಿ ಹೋಗಿದ್ದು ಆ ಹಸಿರು ಊರಿಗೆ?"

"ಹೌದು. ಸುತ್ತಲಿನ ಊರೆಲ್ಲ ವರ್ಷ ವರ್ಷ ಖಾಲಿಯಾಗ್ತಾ ಬಂತು. ಅದೊಂದು ಮಾತ್ರ ಅಲ್ಲಾಡಿಲ್ಲ. ಮೂವತ್ತೊಂದು ಮನೆ, ಮೂವತ್ತೊಂದೂ ಹಾಗೇ ಇವೆ. ಗಟ್ಟಿ ಊರು."

"ಮನೆ ಮನೆಗೆ ಹೋಗಿ ಬರ್ಕೊಳ್ತೀರಾ?"

ನಿರ್ದೇಶಕ ನಕ್ಕ. "ಊರೊಳಗೆ ಹೋಗಿ ಕೇಳಿದ್ರೆ ಸತ್ತ ಅಜ್ಜೀನೂ ಲೆಕ್ಕಕ್ಕೆ ಸೇರಿಸ್ತಾರೆ. ಬೆಳಗ್ಗೆ ಏಳಕ್ಕೆ ಗುಡ್ಡದ ಮೇಲೆ ನಿಂತು ಹೊಗೆ ಎಣಿಸ್ತೀವಿ. ಹೊಗೆ ಇದ್ದ ಕಡೆ ಮನೆ, ಮನೆ ಇದ್ದ ಕಡೆ ಜನ. ಒಲೆ ಸುಳ್ಳು ಹೇಳಲ್ಲ ಸಾರ್."

"ನೀವು ಆ ಊರು ನೋಡಿದ್ದೀರಾ?"

"ಗುಡ್ಡದ ಮೇಲಿಂದ." ಅವನು ಗಡಿಯಾರ ನೋಡಿಕೊಂಡ. "ನಾಳೆ ಹನ್ನೊಂದಕ್ಕೆ ಸಭೆ. ಯೋಜನೆ ಪಾಸಾಗ್ಬೇಕು. ಜಾಗದ ಅಳತೆ ಅವರ ಕೈಯಲ್ಲೇ ಇದೆ. ಸ್ವಲ್ಪ ಬೇಗ ಹುಡುಕಿಕೊಡಿ."

ಠಾಣೆಯ ಜೀಪು ಗ್ಯಾರೇಜಿನಲ್ಲಿತ್ತು. ಹೀಗಾಗಿ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮತ್ತು ಒಬ್ಬಳು ಮಹಿಳಾ ಕಾನ್‌ಸ್ಟೇಬಲ್ ಮಧ್ಯಾಹ್ನ ಎರಡರ ಬಸ್ಸು ಹತ್ತಿದರು. ನಡುದಾರಿಯ ಊರುಗಳಲ್ಲಿ ಜನ ಇಳಿದು ಹೋದ ಮೇಲೆ ಬಸ್ಸಿನಲ್ಲಿ ಉಳಿದವರು ಪೊಲೀಸರು, ಡ್ರೈವರ್, ಕಂಡಕ್ಟರ್.

"ನಿನ್ನೆ ಬಂದಿದ್ರು ಸಾರ್," ಎಂದ ಡ್ರೈವರ್. "ಕೈಯಲ್ಲಿ ಉದ್ದ ಸುರುಳಿ ಕಾಗದ, ಅಳತೆ ಟೇಪು. ಹಾಡು ಗುನುಗ್ತಿದ್ರು. ಸಂಜೆ ಟ್ರಿಪ್ಪಿಗೆ ಕಾದೆ, ಬರ್ಲಿಲ್ಲ. ಗುಡ್ಡದ ಕಾಲುದಾರಿ ಹಿಡಿದು ಹೋದ್ರು ಅಂತ ನೀರಕ್ಕ ಹೇಳಿದ್ರು."

"ನೀರಕ್ಕ ಯಾರು?"

"ಊರಿಗೆ ನೀರು ಬಿಡೋರು. ಪಂಪು, ವಾಲ್ವು ಎಲ್ಲಾ ಅವರದೇ. ಅಲ್ಲಿ ನನಗೆ ಗೊತ್ತಿರೋರು ಅವರು, ಅವರ ತಮ್ಮ, ಅಷ್ಟೇ."

"ಇಷ್ಟು ವರ್ಷ ಬಸ್ಸು ಓಡಿಸಿ ಇಬ್ಬರೇ ಗೊತ್ತಾ?"

ಡ್ರೈವರ್ ಗೇರು ಬದಲಿಸಿದ. ಉತ್ತರ ಕೊಟ್ಟವನು ಕಂಡಕ್ಟರ್. "ಆ ಊರಲ್ಲಿ ಯಾರೂ ಹತ್ತಲ್ಲ ಸಾರ್. ನಾಲ್ಕು ವರ್ಷ ಆಯ್ತು."

"ಡಿಪೋದಲ್ಲಿ ಹೇಳಿದ್ದೀರಾ?"

"ಹೇಳಿದ್ರೆ ಟ್ರಿಪ್ಪು ನಿಲ್ಲಿಸ್ತಾರೆ. ಕೂತ ಕೊಂಬೆ ಕಡಿಯೋಕೆ ನಾವೇನು ಮಂಕಾ? ದಿನಾ ನಾಲ್ಕು ಟಿಕೆಟ್ ನಾವೇ ಹರಿದು ಹಾಕ್ತೀವಿ."

"ಈ ಮಾತನ್ನ ನಾನು ಇವತ್ತು ಕೇಳಿಸ್ಕೊಂಡಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್. "ಇನ್ನೊಂದು ದಿನ ಕೇಳಿಸ್ಕೊಳ್ತೀನಿ."

"ತಮ್ಮನ ವಿಷಯ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಸ್ವಲ್ಪ ಬುದ್ಧಿ ಕಮ್ಮಿ ಸಾರ್. ನಲವತ್ತು ದಾಟಿರ್ಬೇಕು. ಒಂದ್ಸಲ ಯಾರೋ ಹೇಳಿದ್ರು ಅಂತ ಪಟ್ಟಣದ ಆಶ್ರಯ ಕೇಂದ್ರಕ್ಕೆ ಸೇರಿಸಿದ್ರು. ಮೂರು ತಿಂಗಳಿಗೆ ಇದೇ ಬಸ್ಸಲ್ಲಿ ವಾಪಸ್ ಕರ್ಕೊಂಡು ಬಂದ್ರು. ಮುಂದಿನ ಹಲ್ಲು ನಾಲ್ಕು ಇರ್ಲಿಲ್ಲ. ಕೈಗೆ ಹಗ್ಗ ಕಟ್ಟಿದ ಗುರುತು. ಅಕ್ಕ ದಾರಿಯುದ್ದಕ್ಕೂ ತುಟಿ ಪಿಟಕ್ ಅನ್ಲಿಲ್ಲ. ಇಳಿಯೋವಾಗ ಮಾತ್ರ ಹೇಳಿದ್ರು, ಇನ್ನು ನನ್ನ ತಮ್ಮ ಈ ಬಸ್ಸು ಹತ್ತೋದಿಲ್ಲ ಅಂತ."

ಗುಡ್ಡದ ನೆತ್ತಿಯ ತಿರುವಿನಲ್ಲಿ ಇನ್‌ಸ್ಪೆಕ್ಟರ್ ಬಸ್ಸು ನಿಲ್ಲಿಸಿದರು. ಕೆಳಗೆ ಊರು. ಗಾಳಿ ಇರಲಿಲ್ಲ. ಹೆಂಚಿನ ಮನೆಗಳ ಹೊಗೆಗೂಡುಗಳಿಂದ ಬಿಳಿ ಹೊಗೆ ದಾರ ನಿಲ್ಲಿಸಿದಂತೆ ನೇರ ಏರುತ್ತಿತ್ತು. ಎಲ್ಲ ಮನೆಯದೂ ಒಂದೇ ದಪ್ಪ, ಒಂದೇ ಬಣ್ಣ. ಮಧ್ಯಾಹ್ನ ಮೂರೂವರೆಗೆ ಇಡೀ ಊರು ಒಟ್ಟಿಗೆ ಒಲೆ ಹಚ್ಚಿ ಕುಳಿತದ್ದನ್ನು ಅವರು ಬೇರೆಲ್ಲೂ ನೋಡಿರಲಿಲ್ಲ.

"ಒಂದರಲ್ಲಿ ಇಲ್ಲ," ಎಂದಳು ಮಹಿಳಾ ಕಾನ್‌ಸ್ಟೇಬಲ್. ಊರಿನ ಆ ತುದಿಯ ದೊಡ್ಡ ಮನೆಯ ಹೊಗೆಗೂಡು ಬರಿದಾಗಿತ್ತು.

ಡ್ರೈವರ್ ಬಗ್ಗಿ ನೋಡಿದ. "ಬೆಳಗ್ಗೆ ಟ್ರಿಪ್ಪಲ್ಲಿ ಎಲ್ಲಾದ್ರಲ್ಲೂ ಇತ್ತಲ್ಲ ಸಾರ್."

ಬಸ್ಸು ನಿಲ್ಲುವಲ್ಲೇ ಪಂಪ್‌ಹೌಸು. ಅದರ ಬಾಗಿಲಲ್ಲಿ ನೀರಕ್ಕ ನಿಂತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ವಯಸ್ಸು ಐವತ್ತೈದು. ಹೆಗಲ ಮೇಲೆ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ. ಪೊಲೀಸರನ್ನು ಕಂಡು ಅವಳು ಬೆಚ್ಚಲೂ ಇಲ್ಲ, ಬನ್ನಿ ಎನ್ನಲೂ ಇಲ್ಲ.

"ನಿನ್ನೆ ಒಬ್ಬ ಅಧಿಕಾರಿ ಬಂದಿದ್ರಾ?"

"ಬಂದಿದ್ರು."

"ಎಲ್ಲಿ ಈಗ?"

"ಸಂಜೆ ಕಾಲುದಾರೀಲಿ ಹೋದ್ರು."

"ಬಸ್ಸು ಇರೋವಾಗ ಯಾಕೆ ನಡೆದ್ರು?"

"ನಡೆಯೋ ಹುಕಿ ಬಂತೇನೋ. ನನ್ನನ್ನ ಕೇಳಿ ಹೋದ್ರಾ?"

"ಊರಿನವರೆಲ್ಲ ಎಲ್ಲಿ?"

"ಇದ್ದಾರಲ್ಲ."

"ಕಾಣಿಸ್ತಿಲ್ಲ."

"ಕೆಲಸಕ್ಕೆ ಹೋಗಿರ್ತಾರೆ. ಸಂಜೆ ಬರ್ತಾರೆ." ಅವಳು ಕೀಲಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. "ನೀರಿನ ಹೊತ್ತಾಯ್ತು ಸಾರ್." ಎಂದವಳೇ ಒಳಗೆ ಹೋದಳು.

ಅವರು ಬೀದಿಗೆ ಇಳಿದರು. ಪ್ರತಿ ಅಂಗಳದಲ್ಲೂ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಪ್ರತಿ ಬಾಗಿಲಲ್ಲೂ ಚಪ್ಪಲಿ ಜೋಡಿಗಳು. ಮೊದಲ ಮನೆಯಲ್ಲಿ ಕೂಗಿದರು, ಎರಡನೆಯದರಲ್ಲಿ ಕೂಗಿದರು. ಯಾರೂ ಓಗೊಡಲಿಲ್ಲ. ನಾಯಿಯೂ ಬೊಗಳಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಒಂದು ಜೋಡಿ ಚಪ್ಪಲಿ ಎತ್ತಿದ. ಅದು ಇದ್ದ ಜಾಗ ಮಾತ್ರ ಶುಭ್ರವಾಗಿತ್ತು, ಸುತ್ತ ಬೆರಳು ಮುಳುಗುವಷ್ಟು ಧೂಳು. ಚಪ್ಪಲಿಯ ಪಟ್ಟಿಗಳ ನಡುವೆ ಜೇಡ ಬಲೆ ಕಟ್ಟಿತ್ತು. ಅವನು ಸದ್ದಾಗದಂತೆ ಅದನ್ನು ಅಲ್ಲೇ ಇಟ್ಟ. ಮನೆಯವರು ನೋಡಿಬಿಟ್ಟಾರೆಂಬ ಹಾಗೆ.

ಮಹಿಳಾ ಕಾನ್‌ಸ್ಟೇಬಲ್ ಹಗ್ಗದ ಮೇಲಿನ ಸೀರೆಯ ಮಡಿಕೆ ಬಿಡಿಸಿದಳು. ಬಿಸಿಲಿಗೆ ಬಿದ್ದ ಕಡೆ ಬಣ್ಣ ಪೂರ್ತಿ ಹೋಗಿತ್ತು. ಮಡಿಕೆಯೊಳಗೆ ಕಡುಗೆಂಪು ಉಳಿದಿತ್ತು.

"ಇದನ್ನ ಯಾರೂ ಉಟ್ಟಿಲ್ಲ ಸಾರ್. ಹಾಕಿದ್ದು ಹಾಕಿದ ಹಾಗೇ ಇದೆ. ಆಮೇಲೆ... ಇಷ್ಟು ಒಲೆ ಉರೀತಿದೆ, ಒಂದು ಮನೆಯಿಂದಾನೂ ಅಡುಗೆ ವಾಸನೆ ಇಲ್ಲ. ಬರೀ ಒದ್ದೆ ಕಟ್ಟಿಗೆ ವಾಸನೆ."

ಬೆಳಗ್ಗೆ 'ಇತರೆ' ಎಂಬಲ್ಲಿ ಬರೆಸಿದ ಮಾತು ಇನ್‌ಸ್ಪೆಕ್ಟರಿಗೆ ನೆನಪಾಯಿತು. ಮೂಗಿದ್ದ ಯಾರೇ ಗುಡ್ಡದ ಮೇಲೆ ನಿಂತು ಗಾಳಿ ತಿರುಗಿದಾಗ ಒಮ್ಮೆ ಉಸಿರೆಳೆದಿದ್ದರೂ ಸಾಕಿತ್ತು.

ಬಾಗಿಲಿಗೆ ಬೀಗವಿರಲಿಲ್ಲ, ಹೊರಗಿನ ಚಿಲಕಕ್ಕೆ ಒಂದು ಕಡ್ಡಿ ಸಿಕ್ಕಿಸಿತ್ತು. ತೆಗೆದರು. ಕೋಣೆ ಬರಿದು. ಮಂಚವಿಲ್ಲ, ಪಾತ್ರೆಯಿಲ್ಲ, ಗೋಡೆಯಲ್ಲಿ ಮೊಳೆಗಳಷ್ಟೇ. ಅಡುಗೆಮನೆಯ ಒಲೆಯ ಗುಂಡಿಯಲ್ಲಿ ಒದ್ದೆ ಮರದಹೊಟ್ಟು ಕೆಂಡದ ಮೇಲೆ ಮೆಲ್ಲಗೆ ಹೊಗೆಯಾಡುತ್ತಿತ್ತು. ಹಿಂಗೋಡೆಯಲ್ಲಿ, ಹಿತ್ತಲಿನಿಂದ ಕಟ್ಟಿಗೆ ತಳ್ಳಲು ಮಾಡಿದ ಸಣ್ಣ ಕಂಡಿ, ಅದಕ್ಕೆ ಕಬ್ಬಿಣದ ಮುಚ್ಚಳ. ಹೊಟ್ಟು ಬಂದದ್ದು ಅಲ್ಲಿಂದ. ಊರ ಹಿಂದೆ ಮುರುಕಲು ಷೆಡ್ಡೊಂದಿತ್ತು. ಅಭಿವೃದ್ಧಿ ಕಚೇರಿಯವರೇ ಅನುದಾನ ಕೊಟ್ಟು ತೆರೆಸಿದ ಮರದ ಪೆಟ್ಟಿಗೆ ಕಾರ್ಖಾನೆ, ಎರಡೇ ವರ್ಷಕ್ಕೆ ಬಾಗಿಲು ಹಾಕಿತ್ತು. ಅದು ಬಿಟ್ಟುಹೋದ ಹೊಟ್ಟಿನ ಗುಡ್ಡೆ ಇನ್ನೂ ಆಳೆತ್ತರ ಇತ್ತು.

ನಾಲ್ಕು ಗಂಟೆಗೆ ನೀರು ಬಂತು. ಮೊದಲು ನೆಲದಡಿಯ ಪೈಪಿನಲ್ಲಿ ಗೊರಗೊರ ಶಬ್ದ. ಆಮೇಲೆ ಮೂವತ್ತೊಂದು ಅಂಗಳಗಳ ತೊಟ್ಟಿಗಳಿಗೆ ಮೂವತ್ತೊಂದು ನಲ್ಲಿಗಳು ಒಟ್ಟಿಗೆ ಸುರಿಯತೊಡಗಿದವು. ಖಾಲಿ ಊರು ಆ ಸದ್ದಿಗೆ ತುಂಬಿಹೋಯಿತು. ಇನ್ನೇನು ಯಾರೋ ಕೊಡ ಹಿಡಿದು ಹೊರಗೆ ಬರಬೇಕು, ಪಕ್ಕದ ಮನೆಯವಳ ಜೊತೆ ಜಗಳ ತೆಗೆಯಬೇಕು. ಪೊಲೀಸರು ಮೂವರೂ ಬೀದಿಯ ನಡುವೆ ನಿಂತು ಕಾದರು. ಯಾರೂ ಬರಲಿಲ್ಲ. ತೊಟ್ಟಿಗಳು ತುಂಬಿ ಹರಿದವು.

ಆಗ ಬೀದಿಯ ಆ ತುದಿಯಿಂದ ದನಿ ಕೇಳಿತು.

"ನೀರು ಬಂತಾ?"

ದಪ್ಪ ದನಿ, ಮಗುವಿನ ರಾಗ. ತುಸು ಬಿಟ್ಟು ಮತ್ತೆ, "ನೀರು ಬಂತಾ?" ಅದೇ ಜಾಗದಿಂದ. ಅವರು ನಡೆದು ಹೋದರು. ಹೊಗೆಯಿಲ್ಲದ ದೊಡ್ಡ ಮನೆಯ ಜಗಲಿಯ ಮೇಲೆ ಒಬ್ಬ ಮನುಷ್ಯ ಬಾಗಿಲಿಗೆ ಕಿವಿಕೊಟ್ಟು ಕುಳಿತಿದ್ದ. ತಲೆ ನರೆತಿತ್ತು, ಅಂಗಿಯ ಗುಂಡಿಗಳನ್ನು ಯಾರೋ ಕಾಳಜಿಯಿಂದ ಹಾಕಿಕೊಟ್ಟಿದ್ದರು. ಈ ಮನೆಯ ಕಿಟಕಿಗಳಿಗೆಲ್ಲ ಪೆಟ್ಟಿಗೆಯ ಹಲಗೆ ಹೊಡೆದಿತ್ತು. ಬಾಗಿಲಿಗೆ ಕಡ್ಡಿಯಲ್ಲ, ಬೀಗ.

ನೀರಕ್ಕ ಅವರ ಹಿಂದೆಯೇ ಬಂದು ನಿಂತಿದ್ದಳು.

"ಯಾರ ಮನೆ ಇದು?" ಇನ್‌ಸ್ಪೆಕ್ಟರ್ ಕೇಳಿದರು.

"ಕಾರ್ಖಾನೆ ಮ್ಯಾನೇಜರ್‌ದು. ಅವರು ಊರಿಗೆ ಹೋಗಿದ್ದಾರೆ."

"ಯಾವಾಗ?"

"ಇವತ್ತು ಬೆಳಗ್ಗೆ."

ಡ್ರೈವರ್ ಮತ್ತು ಕಂಡಕ್ಟರನ್ನು ಹೆಡ್ ಕಾನ್‌ಸ್ಟೇಬಲ್ ಕರೆತಂದಿದ್ದ. ಇನ್‌ಸ್ಪೆಕ್ಟರ್ ಡ್ರೈವರ್ ಕಡೆ ನೋಡಿದರು. ಅವನು ನೆಲ ನೋಡುತ್ತ ಅಂದ, "ಬೆಳಗ್ಗೆ ಯಾರೂ ಹತ್ತಿಲ್ಲ ಸಾರ್. ತಪ್ಪು ತಿಳೀಬೇಡಿ ನೀರಕ್ಕ."

"ಇದ್ದಾರೆ," ಎಂದ ಜಗಲಿಯ ಮೇಲಿದ್ದ ತಮ್ಮ. "ಒಳಗೇ ಇದ್ದಾರೆ. ಬೆಳಗ್ಗೆ ಮಾತಾಡಿದ್ರು."

"ಕಂದಾ, ಸುಮ್ನಿರು," ಎಂದಳು ಅಕ್ಕ.

ಇನ್‌ಸ್ಪೆಕ್ಟರ್ ಅವನ ಪಕ್ಕ ಕುಳಿತರು. "ಏನು ಮಾತಾಡಿದ್ರು?"

"ಬಾಗಿಲು ತೆಗಿ ಅಂದ್ರು. ಬಾಗಿಲು ಬಡಿದ್ರು."

"ನೀನೇನಂದೆ?"

"ನೀರು ಬಂತಾ ಅಂದೆ."

"ಅದಕ್ಕೆ?"

"ಬಂತು, ಬಂತು, ಅಂದ್ರು. ಬಾಗಿಲು ತೆಗಿಯಪ್ಪಾ ಅಂದ್ರು." ಅವನು ನಕ್ಕ. ಮುಂದಿನ ಹಲ್ಲುಗಳಿರಲಿಲ್ಲ. "ಬೇರೆ ಯಾರೂ ಬಂತು ಅನ್ನಲ್ಲ. ಇವರು ಒಳ್ಳೆಯವರು. ಈಗ ನಿದ್ದೆ ಮಾಡ್ತಿದ್ದಾರೆ."

ತೊಟ್ಟಿಯ ನೀರು ಮೆಟ್ಟಿಲು ದಾಟಿ ಬೀದಿಗೆ ಹರಿಯುತ್ತಿತ್ತು. ನೀರಕ್ಕ ಸೊಂಟದಿಂದ ಬೀಗದ ಕೈ ತೆಗೆದು, ಇನ್‌ಸ್ಪೆಕ್ಟರಿಗೆ ಕೊಡದೆ, ಜಗಲಿಯ ಅಂಚಿನಲ್ಲಿಟ್ಟಳು.

ಬಾಗಿಲು ತೆರೆದಾಗ ನಾಲ್ಕು ಇಪ್ಪತ್ತು. ಪಂಚರು ಡ್ರೈವರ್ ಮತ್ತು ಕಂಡಕ್ಟರ್. ಒಳಗಿನ ಗಾಳಿ ಹೊರಬರಲು ಸ್ವಲ್ಪ ಹೊತ್ತು ಕಾದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೋದರು. ಪಂಚನಾಮೆಯಲ್ಲಿ ಬರೆದದ್ದು ಹೀಗೆ: ನಡುಮನೆಯ ಗೋಡೆಗೆ ಒರಗಿದ ಸ್ಥಿತಿಯಲ್ಲಿ ಗಂಡಸಿನ ಶವ. ಹೊರಗಾಯಗಳಿಲ್ಲ, ಬಲಗೈ ಬೆರಳುಗಳು ಮಾತ್ರ ತರಚಿವೆ. ಮುಂಬಾಗಿಲ ಒಳಮೈ ಮೇಲೆ ಉಗುರಿನ ಗೀರುಗಳು. ಪಕ್ಕದಲ್ಲಿ ತಟ್ಟೆ, ಮುಟ್ಟದ ಊಟ. ಅಡುಗೆಮನೆಯ ಬಾಗಿಲು ಮುಚ್ಚಿದೆ, ಬಾಗಿಲ ಕೆಳಗಿನ ಸಂದಿಗೆ ಮಡಚಿದ ನಕಾಶೆ ತುರುಕಿದೆ. ಒಲೆಯಲ್ಲಿ ಹೊಗೆಯಾಡುವ ಮರದಹೊಟ್ಟು. ಒಲೆಯ ಮೇಲಿನ ಹೊಗೆಗೂಡಿನ ಬಾಯಿಗೆ ಒಂದು ಕೋಟು ಬಿಗಿಯಾಗಿ ತುರುಕಿದೆ.

ಕೋಟು ಎಳೆದಾಗ ಮಸಿ ಧುಮುಕಿತು. ಅದು ಅಧಿಕಾರಿಯದೇ ಕೋಟು.

"ತಾನೇ ತುರುಕಿದ್ದಾ?" ಎಂದ ಹೆಡ್ ಕಾನ್‌ಸ್ಟೇಬಲ್. "ಸಾಯೋಕಾ?"

"ಬದುಕೋಕೆ," ಎಂದರು ಇನ್‌ಸ್ಪೆಕ್ಟರ್. "ಹೊಗೆ ನೋಡಿ ಊರು ಅಳೆಯೋ ಮನುಷ್ಯ. ಒಂದು ಹೊಗೆ ನಿಂತ್ರೆ ಯಾರಾದ್ರೂ ಎಣಿಸಿ ಬಂದೇ ಬರ್ತಾರೆ ಅಂದ್ಕೊಂಡಿದ್ದಾನೆ."

ಯಾರೂ ಎಣಿಸುತ್ತಿರಲಿಲ್ಲ. ಎಣಿಸುವವನು ಅವನೇ ಆಗಿದ್ದ.

ನೀರಕ್ಕನ ವಿಚಾರಣೆ ಪಂಪ್‌ಹೌಸಿನಲ್ಲಿ ನಡೆಯಿತು. ಮೋಟಾರು ಅದುರುತ್ತಿತ್ತು. ತಮ್ಮನನ್ನು ಮಹಿಳಾ ಕಾನ್‌ಸ್ಟೇಬಲ್ ಹೊರಗೆ ಕೂರಿಸಿಕೊಂಡಿದ್ದಳು.

"ಇಲ್ಲಿ ಎಷ್ಟು ಜನ ಇದ್ದೀರಿ?"

"ಇಬ್ಬರು."

"ಉಳಿದವರು?"

"ಒಬ್ಬೊಬ್ಬರಾಗಿ ಹೋದ್ರು. ಮೊದಲು ಹೋದೋರು ದರ್ಜಿ ಮನೆಯವರು, ಆರು ವರ್ಷದ ಹಿಂದೆ. ಕೊನೆಯವರು ಹೋಗಿ ನಾಲ್ಕು ವರ್ಷ ಆಯ್ತು."

"ಈ ಹೊಗೆ, ನೀರು, ಬಟ್ಟೆ... ಸರ್ಕಾರಕ್ಕೆ ಮೋಸ ಮಾಡೋಕಾ?"

"ಸರ್ಕಾರ ಹೊಗೆ ಎಣಿಸುತ್ತೆ ಅಂತ ನನಗೆ ನಿನ್ನೆ ಗೊತ್ತಾಗಿದ್ದು," ಎಂದಳು. "ಅವರೇ ಹೇಳಿದ್ರು."

"ಮತ್ತೆ ಯಾರಿಗೋಸ್ಕರ?"

ಅವಳು ಬಾಗಿಲ ಕಡೆ ತಲೆಯಾಡಿಸಿದಳು. "ಪಟ್ಟಣದಿಂದ ಬಂದ ಮೇಲೆ ಅವನಿಗೆ ಇದೊಂದೇ ಕೆಲಸ. ನಾನು ನೀರು ಬಿಟ್ರೆ ಮನೆ ಮನೆ ಕೇಳ್ಕೊಂಡು ಬರ್ತಾನೆ. ದರ್ಜಿ ಮನೆಯವರು ಹೋದಾಗ ಅವರ ಬಾಗಿಲಲ್ಲಿ ಕೂತುಬಿಟ್ಟ. ಊಟ ಇಲ್ಲ, ನೀರಿಲ್ಲ. ಎಬ್ಬಿಸಿದ್ರೆ ಕಚ್ತಾನೆ. ಮೂರನೇ ದಿನ ಕಣ್ಣು ಮೇಲೆ ಹೋಯ್ತು. ಅವರ ನಲ್ಲಿ ತಿರುಗಿಸಿಟ್ಟು ಒಲೆ ಹಚ್ಚಿದೆ. ಎದ್ದು ಮುಂದಿನ ಮನೆಗೆ ಹೋದ. ಆಮೇಲೆ ಒಂದಾದ ಮೇಲೆ ಒಂದು, ಎಲ್ಲಾ ಮನೆಯವೂ."

"ನಿನ್ನೆ ಏನಾಯ್ತು?"

"ಬಂದವರು ಒಂದೊಂದೇ ಮನೆ ಬಡಿದ್ರು. ಆಮೇಲೆ ಬೀದೀಲಿ ಕೂತು ನಗೋಕೆ ಶುರು ಮಾಡಿದ್ರು. ನಗು ನಿಲ್ಲಲೇ ಇಲ್ಲ. ಆರು ವರ್ಷ ನನ್ನನ್ನ ಆಟ ಆಡಿಸಿದ್ಯಲ್ಲಮ್ಮ ಅಂದ್ರು. ಬೈಲಿಲ್ಲ. ಒಳ್ಳೇ ಮಾತಲ್ಲೇ ಹೇಳಿದ್ರು, ನಾಳೆ ವರದಿ ಬರೀತೀನಿ, ಈ ಊರು ತೆಗೀತಾರೆ, ನಿನಗೆ ಒಂದು ಕೋಣೆ ಕೊಡ್ತಾರೆ. ತಮ್ಮನ ಚಿಂತೆ ಬಿಡು, ಪಟ್ಟಣದಲ್ಲಿ ಆಶ್ರಯ ಕೇಂದ್ರ ಇದೆ ಅಂದ್ರು."

ಅವಳು ಸೊಂಟದಲ್ಲಿ ಬೀಗದ ಕೈ ಇದ್ದ ಜಾಗವನ್ನು ಮುಟ್ಟಿ ನೋಡಿಕೊಂಡಳು.

"ಮ್ಯಾನೇಜರ್ ಮನೆ ನೋಡ್ಬೇಕು ಅಂದ್ರು. ಒಳಗೆ ಹೋದ್ರು. ಬೀಗ ಹಾಕಿದೆ."

"ಕೊಲ್ಲೋಕಾ?"

"ಕೊಲ್ಲೋಕೆ ಆಗಿದ್ರೆ ಕಂಡಿಯಿಂದ ಊಟ ಯಾಕೆ ಕೊಡ್ಲಿ? ಗುರುವಾರ ಹನ್ನೊಂದಕ್ಕೆ ಮೀಟಿಂಗು ಅಂತ ಅವರೇ ಹೇಳಿದ್ರು. ಅದು ಮುಗೀಲಿ, ಬಿಡ್ತೀನಿ ಅಂದೆ. ಪಾಸಾದ ಮೇಲೆ ಅವರ ತಪ್ಪನ್ನ ಅವರೇ ಹೊರಗೆ ಹಾಕ್ತಾರಾ? ಬಾಯಿ ಮುಚ್ಕೊಂಡು ಆಸ್ಪತ್ರೆ ಕಟ್ಟಿಸ್ತಾರೆ. ನಿಜವಾದ ಜನ ಬರ್ತಾರೆ. ನಾನು ಸತ್ರೂ ಇವನಿಗೆ ಯಾರಾದ್ರೂ ಓಗೊಡ್ತಾರೆ."

ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲವೆಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಆ ನಿರ್ದೇಶಕನನ್ನು ಅವರು ನೋಡಿ ಬಂದಿದ್ದರು.

"ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಿದ್ದೂ ಇವತ್ತು ಬೆಳಗ್ಗೆ ಆ ಒಲೆಗೆ ಹೊಟ್ಟು ಯಾಕೆ ಹಾಕಿದೆ?"

"ಹಾಕದೆ ಇದ್ರೆ ತಮ್ಮ ಅಲ್ಲೇ ಕೂರ್ತಾನೆ. ನಾಲ್ಕು ವರ್ಷ ಹಾಕಿದ್ದೀನಿ, ಹೊಗೆ ಯಾವತ್ತೂ ಒಳಗೆ ಹೋಗಿಲ್ಲ. ಮೇಲೇ ಹೋಗುತ್ತೆ."

"ಹೊಗೆ ನಿಂತಿದ್ದು ನೋಡ್ಲಿಲ್ವಾ?"

"ನೋಡಿದೆ. ಕೆಂಡ ಆರಿಸಿದ್ದಾರೆ ಅಂದ್ಕೊಂಡೆ. ಕೂಗೋದೂ ನಿಂತಿತ್ತು. ಸುಸ್ತಾಗಿ ಮಲಗಿರ್ಬೇಕು, ಮಲಗ್ಲಿ ಅಂದ್ಕೊಂಡೆ." ಅವಳು ಮೋಟಾರಿನ ಕಡೆ ತಿರುಗಿದಳು. "ತಮ್ಮ ಓಡಿ ಬಂದು ಹೇಳ್ದ, ಅಕ್ಕಾ, ಅವರು ಬಂತು ಅಂದ್ರು ಅಂತ. ಎಷ್ಟು ವರ್ಷ ಆಗಿತ್ತು ಸಾರ್ ಅವನು ಹಾಗೆ ನಗದೆ. ಇವತ್ತಿನ ಊಟ ಎರಡು ಸಲ ಕೇಳಿ ತಿಂದ."

ಅವಳನ್ನು ದಸ್ತಗಿರಿ ಮಾಡಿದಾಗ ಐದೂವರೆ. ಹೊರಡುವ ಮುನ್ನ ಅವಳು ಮೋಟಾರು ನಿಲ್ಲಿಸಲು ಅನುಮತಿ ಕೇಳಿದಳು. ನಲ್ಲಿಗಳ ಸದ್ದು ಒಂದೊಂದೇ ಮನೆಯಿಂದ ಕಡಿಮೆಯಾಗಿ, ಊರು ಪೂರ್ತಿ ಸುಮ್ಮನಾಯಿತು. ತಮ್ಮ ಬಸ್ಸಿನ ಮೆಟ್ಟಿಲ ಬಳಿ ನಿಂತು ಹತ್ತುವುದಿಲ್ಲವೆಂದ. ಅಕ್ಕ ಕೈ ಹಿಡಿದುಕೊಂಡ ಮೇಲೆ ಹತ್ತಿದ.

ಮರಣೋತ್ತರ ಪರೀಕ್ಷೆ ಗುರುವಾರ ಬೆಳಗ್ಗೆ ಮುಗಿಯಿತು. ಹೊಗೆಯ ಜೊತೆ ಬರುವ ವಿಷಗಾಳಿಗೆ ಸಾವು, ಬುಧವಾರ ಹತ್ತರ ಆಸುಪಾಸು ಎಂದರು ವೈದ್ಯರು.

"ಕತ್ತಲ ಕೋಣೆ, ರಾತ್ರಿಯೆಲ್ಲಾ ನಿದ್ದೆ ಇಲ್ಲದ ಮನುಷ್ಯ. ಆದ್ರೂ ಹೊಗೆ ಬಾಗಿಲು ದಾಟಿ ಬಂದಾಗ ವಾಸನೆಗೇ ಎಚ್ಚರ ಆಗ್ಬೇಕಿತ್ತು. ಎದ್ದು ಆ ಕೋಟು ಕಿತ್ತುಹಾಕಿದ್ರೆ ಸಾಕಿತ್ತು. ಯಾಕೆ ಹಾಗೆ ಮಾಡ್ಲಿಲ್ಲ ಅನ್ನೋದೇ ನನಗೆ ತಿಳೀತಿಲ್ಲ."

ಇನ್‌ಸ್ಪೆಕ್ಟರ್ ಕಾರಣ ಹೇಳಿದರು. ಬುಧವಾರ ಹತ್ತು ಗಂಟೆಗೆ ತಮ್ಮ ಠಾಣೆಯಲ್ಲಿ ಯಾವ ಸಾಲಿನ ಬಗ್ಗೆ ಚರ್ಚೆ ನಡೆಯುತ್ತಿತ್ತು ಎಂಬುದನ್ನು ಹೇಳಲಿಲ್ಲ. ಶವ ಪಡೆಯಲು ಬಂದ ಹೆಂಡತಿ ಮಸಿ ಹಿಡಿದ ಕೋಟನ್ನೂ ಕೇಳಿದಳು. ಅದು ಸಾಕ್ಷ್ಯ, ಕೊಡಲಾಗುವುದಿಲ್ಲವೆಂದು ರೈಟರ್ ಹೇಳಿದ. ಈ ಬಾರಿ ಅವಳು ಜಗಳ ಮಾಡಲಿಲ್ಲ.

ಎಫ್‌ಐಆರ್‌ನಲ್ಲಿ ಅಕ್ರಮ ಬಂಧನ ಮತ್ತು ಕೊಲೆಯಲ್ಲದ ನರಹತ್ಯೆಯ ಆರೋಪ ಹೊರಿಸಲಾಯಿತು. ಪ್ರೇರಣೆ ಎಂಬಲ್ಲಿ ಇನ್‌ಸ್ಪೆಕ್ಟರ್ ತಾವೇ ಬರೆದರು: 'ತಮ್ಮನನ್ನು ಮತ್ತೆ ಆಶ್ರಯ ಕೇಂದ್ರಕ್ಕೆ ಸೇರಿಸಬಾರದೆಂದು.' ಅದೇ ದಿನ ನ್ಯಾಯಾಲಯದ ಆದೇಶದಂತೆ, ಬೇರೆ ಬಂಧುಗಳಿಲ್ಲದ ಕಾರಣ, ತಮ್ಮನನ್ನು ಆಶ್ರಯ ಕೇಂದ್ರಕ್ಕೆ ಸೇರಿಸಿದರು. ಕರೆದುಕೊಂಡು ಹೋದವಳು ಮಹಿಳಾ ಕಾನ್‌ಸ್ಟೇಬಲ್. ರಜೆ ಸಿಕ್ಕ ದಿನ ಅವನನ್ನು ನೋಡಲು ಹೋಗುತ್ತಿದ್ದಳು. ಸಾಲಾಗಿ ಮುಚ್ಚಿದ ಬಾಗಿಲುಗಳಿರುವ ಓಣಿಯಲ್ಲಿ ಕುಳಿತಿರುತ್ತಾನೆ, ತುತ್ತು ಇಟ್ಟರೆ ಬಾಯಿ ತೆರೆಯುವುದಿಲ್ಲ ಎಂದು ಬಂದು ಹೇಳಿದಳು. ಎರಡನೇ ತಿಂಗಳು ಕೇಂದ್ರದಿಂದ ಠಾಣೆಗೆ ಫೋನ್ ಬಂತು. ಸುದ್ದಿಯನ್ನು ಜೈಲಿಗೆ ಹೋಗಿ ಅಕ್ಕನಿಗೆ ತಿಳಿಸಿದವಳೂ ಅವಳೇ.

ಸಭೆ ಒಂದು ವಾರ ಮುಂದಕ್ಕೆ ಹೋಗಿ ನಡೆಯಿತು. ಹಸಿರು ಸೂಜಿ ಇನ್ನೊಂದು ಊರಿಗೆ ಸರಿಯಿತು. ಅದನ್ನೂ ಗುಡ್ಡದ ಮೇಲೆ ನಿಂತೇ ಎಣಿಸಿದ್ದರು. ಗುಡ್ಡದಾಚೆಯ ಬಸ್ಸು ನಿಂತಿತು. ಡ್ರೈವರ್ ಮತ್ತು ಕಂಡಕ್ಟರ್ ಡಿಪೋದ ಗೇಟು ಕಾಯುವ ಕೆಲಸಕ್ಕೆ ಹೋದರು. ಪಂಪು ಬಿಚ್ಚಿ ತಂದರು, ಕರೆಂಟಿನ ತಂತಿ ಸುತ್ತಿಟ್ಟರು.

ಒಟ್ಟು ಸತ್ತವರು ಇಬ್ಬರು. ಜೈಲಿಗೆ ಹೋದವಳು ಒಬ್ಬಳು. ನಿಂತ ಬಸ್ಸು ಒಂದು, ಆರಿದ ಒಲೆ ಮೂವತ್ತೊಂದು, ಊರು ಒಂದು.